ಪೆಟ್ಟು ತಿಂದ ಕಿಡ್ನಿ ಸತ್ತ ಕಿಡ್ನಿಯಲ್ಲ

ಶಿವಮೊಗ್ಗ, ಭದ್ರಾವತಿಗಳನ್ನು ಹಾದುಹೋಗುವ ಬಿ.ಎಚ್. ರಸ್ತೆಯಲ್ಲಿ ಬೈಕಿನಿಂದ ಬಿದ್ದು ತಲೆಗೆ ಪೆಟ್ಟಾದವರೊಬ್ಬರ ಮೆದುಳು ನಿಷ್ಕ್ರಿಯವಾಗಿದೆ ಎಂದುಕೊಳ್ಳಿ. ಅಂಗದಾನದ ಮಾತು ಬಂದಾಗ ಐಸಿಯು ಹೊರಗೆ ಕೂತ ನೆಂಟರಲ್ಲಿ ಯಾರಾದರೊಬ್ಬರು ಕೇಳಿಯೇ ಕೇಳುತ್ತಾರೆ: "ಕ್ರಿಯಾಟಿನಿನ್ ಮೂರು ದಾಟಿದೆಯಂತಲ್ಲ, ಕಿಡ್ನಿನೂ ಹೋಯ್ತು ಅಂತಾಯ್ತು. ಇನ್ನು ಕೊಡೋಕೆ ಏನಿದೆ?" ಅತ್ತ ವರ್ಷಗಟ್ಟಲೆ ಡಯಾಲಿಸಿಸ್ ಮಾಡಿಸಿಕೊಂಡು ಕಿಡ್ನಿಗಾಗಿ ಕಾಯುವ ರೋಗಿಯ ಮನೆಯವರದು ಇನ್ನೊಂದು ಮಾತು: "ಕೆಟ್ಟ ಕಿಡ್ನಿ ಹಾಕಿಸಿಕೊಂಡು ಏನು ಪ್ರಯೋಜನ?" ಕಸಿ ಆದ ಎರಡನೇ ದಿನವೂ ಮೂತ್ರ ಬರದಿದ್ದರೆ "ಆಪರೇಷನ್ ಫೇಲ್" ಎಂಬ ಸುದ್ದಿ ಊರು ಮುಟ್ಟಿರುತ್ತದೆ. ಈ ಮೂರಕ್ಕೂ ಬೇರು ಒಂದೇ: ಒಮ್ಮೆ ಪೆಟ್ಟು ತಿಂದ ಕಿಡ್ನಿ ಮತ್ತೆ ಏಳುವುದಿಲ್ಲ ಎಂಬ ನಂಬಿಕೆ. ಅದು ತಪ್ಪು.

ತಪ್ಪು ಎನ್ನುವುದಕ್ಕೆ ಸಾಕ್ಷಿ ಹುಡುಕಿಕೊಂಡು ಮಲೆನಾಡಿನವರು ದೂರ ಹೋಗಬೇಕಿಲ್ಲ. ಗದ್ದೆಯಲ್ಲೋ ಅಡಿಕೆ ತೋಟದಲ್ಲೋ ಕೊಳಕುಮಂಡಲ ಕಚ್ಚಿ ಮೂತ್ರ ನಿಂತವರು, ಮಳೆಗಾಲದ ಇಲಿಜ್ವರದಲ್ಲಿ ಕಣ್ಣು ಹಳದಿಯಾಗಿ ಕ್ರಿಯಾಟಿನಿನ್ ಏರಿದವರು ಕೆಲವು ಸುತ್ತು ಡಯಾಲಿಸಿಸ್ ಮಾಡಿಸಿಕೊಂಡು, ವಾರಗಳಲ್ಲಿ ಚೇತರಿಸಿಕೊಂಡು ಮನೆಗೆ ಹೋಗುವುದು ಇಲ್ಲಿನ ಆಸ್ಪತ್ರೆಗಳಿಗೆ ಹೊಸದಲ್ಲ. ಕಿಡ್ನಿಯೊಳಗಿನ ಸೂಕ್ಷ್ಮ ನಾಳಗಳ ಒಳಮೈಯ ಜೀವಕೋಶಗಳಿಗೆ ರಕ್ತ ಸಾಲದೆ ಹೋದಾಗ, ಅಥವಾ ವಿಷ ತಗುಲಿದಾಗ, ಅವು ಉದುರಿ ಸೋಸುವ ಕೆಲಸ ನಿಲ್ಲುತ್ತದೆ. ಆದರೆ ನಾಳದ ಹೊರಪೊರೆ ಉಳಿದಿದ್ದರೆ ಬದುಕಿದ ಕೋಶಗಳೇ ವಿಭಜನೆಗೊಂಡು ಖಾಲಿ ಜಾಗ ತುಂಬುತ್ತವೆ, ಬೇಸಿಗೆಯಲ್ಲಿ ಒಣಗಿದ ಗರಿಕೆ ಬುಡ ಉಳಿದಿದ್ದರೆ ಮೊದಲ ಮಳೆಗೆ ಚಿಗುರುವ ಹಾಗೆ. ಬುಡವೇ ಸುಟ್ಟುಹೋಗುವುದೂ ಉಂಟು. ಕಿಡ್ನಿಯ ಹೊರಪದರ ರಕ್ತವಿಲ್ಲದೆ ಪೂರ್ತಿ ಸತ್ತರೆ ಅದು ಮರಳುವುದಿಲ್ಲ. ಹಾವಿನ ವಿಷದಿಂದ ಕೆಲವರಿಗೆ ಆಗುವುದು ಇದೇ. ಇಪ್ಪತ್ತು ವರ್ಷದ ಸಕ್ಕರೆ ಕಾಯಿಲೆ, ಬಿಪಿಯಿಂದ ಗಾಯ ಕಟ್ಟಿ ಕುಗ್ಗಿದ ಕಿಡ್ನಿಯೂ ಮರಳುವುದಿಲ್ಲ. ರಕ್ತಪರೀಕ್ಷೆಯ ಚೀಟಿಯಲ್ಲಿ ಈ ಮೂರು ಬಗೆಗೂ ಬರುವುದು, ಕಿಡ್ನಿ ಸೋಸದೆ ರಕ್ತದಲ್ಲಿ ಉಳಿದ ಕಸವನ್ನು ತೋರಿಸುವ ಕ್ರಿಯಾಟಿನಿನ್ ಎಂಬ ಒಂದೇ ಅಂಕಿ. ಗೊಂದಲ ಹುಟ್ಟುವುದೇ ಇಲ್ಲಿ.

ಮೆದುಳು ನಿಷ್ಕ್ರಿಯವಾದವರಲ್ಲಿ ಆ ಅಂಕಿ ಏಕೆ ಏರುತ್ತದೆ ಎಂಬುದನ್ನು ನೋಡಿದರೆ ವಿಷಯ ತಿಳಿಯಾಗುತ್ತದೆ. ಮೆದುಳಿನ ಹತೋಟಿ ತಪ್ಪಿದೊಡನೆ ರಕ್ತದೊತ್ತಡ ಮೊದಲು ಜಿಗಿದು ಆಮೇಲೆ ಕುಸಿಯುತ್ತದೆ. ಮೂತ್ರವನ್ನು ಹಿಡಿದಿಡುವ ಹಾರ್ಮೋನು ನಿಂತುಹೋಗಿ, ನೀರು ಲೀಟರುಗಟ್ಟಲೆ ಹರಿದು ದೇಹ ಒಣಗುತ್ತದೆ. ಅದಕ್ಕೂ ಮೊದಲು ಮೆದುಳಿನ ಊತ ಇಳಿಸಲು ಕೊಟ್ಟ ಮ್ಯಾನಿಟಾಲ್, ಅಪಘಾತದಲ್ಲಿ ಜಜ್ಜಿದ ಸ್ನಾಯುಗಳಿಂದ ರಕ್ತಕ್ಕೆ ಸೇರಿದ ಕಸ, ಇವೆಲ್ಲದರ ಹೊರೆ ಕಿಡ್ನಿಯ ಮೇಲೆಯೇ. ಸಾಮಾನ್ಯವಾಗಿ ಡೆಸಿಲೀಟರಿಗೆ 0.6ರಿಂದ 1.2 ಮಿಲಿಗ್ರಾಂ ಒಳಗಿರುವ ಕ್ರಿಯಾಟಿನಿನ್ ಎರಡೇ ದಿನದಲ್ಲಿ ಮೂರೋ ನಾಲ್ಕೋ ಆಗುವುದರಲ್ಲಿ ಆಶ್ಚರ್ಯವಿಲ್ಲ. ಹಾಗಾಗಿ ಕಸಿ ವೈದ್ಯರು ನೋಡುವುದು ಕೊನೆಯ ಅಂಕಿಯನ್ನಷ್ಟೇ ಅಲ್ಲ. ಆಸ್ಪತ್ರೆಗೆ ಸೇರಿದ ದಿನ ಅದು ಎಷ್ಟಿತ್ತು, ವಯಸ್ಸೆಷ್ಟು, ಸಕ್ಕರೆ ಕಾಯಿಲೆ, ಬಿಪಿ ಇದ್ದವೇ ಎಂದು ಕೇಳುತ್ತಾರೆ. ಅನುಮಾನ ಉಳಿದರೆ ಕಿಡ್ನಿಯ ಚೂರೊಂದನ್ನು ಬಯಾಪ್ಸಿ ಮಾಡುತ್ತಾರೆ. ಮೊದಲ ದಿನ 0.9 ಇದ್ದು ಮೂರನೇ ದಿನ 3.2 ಆದ ಇಪ್ಪತ್ತೈದರ ಹರೆಯದ ಕಿಡ್ನಿಗೂ, ಮೊದಲಿನಿಂದ 2.5ರಲ್ಲೇ ನಿಂತ ಅರವತ್ತೈದರ ಕಿಡ್ನಿಗೂ ಅಜಗಜಾಂತರ.

ಇದಕ್ಕೆ ಲೆಕ್ಕದ ಆಧಾರವೂ ಇದೆ. ದಾನದ ಹೊತ್ತಿಗೆ ಪೆಟ್ಟು ತಿಂದಿದ್ದ ಕಿಡ್ನಿಗಳನ್ನು ಮಿಕ್ಕೆಲ್ಲ ವಿಷಯದಲ್ಲಿ ಸರಿಸಾಟಿಯಾದ, ಆದರೆ ಪೆಟ್ಟಿಲ್ಲದ ಕಿಡ್ನಿಗಳ ಜೊತೆ ಹೋಲಿಸಿದ ಅಮೆರಿಕದ ಅಧ್ಯಯನವೊಂದು 2020ರಲ್ಲಿ ಪ್ರಕಟವಾಯಿತು. ಕಿಡ್ನಿ ಪಡೆದ 25 ಸಾವಿರಕ್ಕೂ ಹೆಚ್ಚು ಜನರನ್ನು ಸುಮಾರು ಐದು ವರ್ಷ ಗಮನಿಸಿದಾಗ, ಪೆಟ್ಟು ತಿಂದವು ಕೆಲಸ ಶುರುಮಾಡಲು ತಡಮಾಡಿದ್ದು ಹೆಚ್ಚು, ಆದರೆ ಉಳಿಕೆಯಲ್ಲಿ ಹಿಂದೆ ಬೀಳಲಿಲ್ಲ. ಇಲ್ಲಿ ಒಂದು ತಕರಾರು ಏಳಬಹುದು, ಅದು ನ್ಯಾಯವಾದದ್ದೇ: ಲೆಕ್ಕಕ್ಕೆ ಬಂದದ್ದು ವೈದ್ಯರು ಆರಿಸಿ ಹಾಕಿದ ಕಿಡ್ನಿಗಳು ಮಾತ್ರ, ಬೇಡವೆಂದು ಬಿಟ್ಟವು ಅದರಲ್ಲಿಲ್ಲ. ಒಪ್ಪಬೇಕು. ಪೆಟ್ಟು ತಿಂದ ಕಿಡ್ನಿಯೆಲ್ಲ ಚಿನ್ನ ಎಂದು ಯಾರೂ ಹೇಳುತ್ತಿಲ್ಲ. ಆರಿಸುವ ಕೆಲಸ ಬಯಾಪ್ಸಿಯದು, ಅನುಭವಿ ಕಣ್ಣಿನದು. ಕಾರಿಡಾರಿನಲ್ಲಿ ಕಿವಿಗೆ ಬಿದ್ದ ಅಂಕಿಯದಲ್ಲ.

ಮೂತ್ರ ತಡವಾಗುವ ವಿಚಾರವೂ ಹೀಗೆಯೇ. ಬದುಕಿರುವವರಿಂದ ತೆಗೆದ ಕಿಡ್ನಿ ಆಪರೇಷನ್ ಟೇಬಲ್ಲಿನ ಮೇಲೇ ಮೂತ್ರ ಸುರಿಸುವುದುಂಟು. ಅದನ್ನು ಕೇಳಿದವರು ಎಲ್ಲ ಕಸಿಯಿಂದಲೂ ಅದನ್ನೇ ನಿರೀಕ್ಷಿಸುತ್ತಾರೆ. ಮೃತ ದಾನಿಯ ಕಿಡ್ನಿಯ ದಾರಿ ಬೇರೆ. ಅದನ್ನು ತಣ್ಣನೆಯ ದ್ರಾವಣದಿಂದ ತೊಳೆದು, ಐಸ್ ಪೆಟ್ಟಿಗೆಯಲ್ಲಿಟ್ಟು ಒಯ್ಯುತ್ತಾರೆ. ಹೃದಯಕ್ಕೆ ಸಿಗುವುದು ಸುಮಾರು ನಾಲ್ಕು ಗಂಟೆ. ಕಿಡ್ನಿ ಒಂದು ಹಗಲು ಒಂದು ರಾತ್ರಿ ತಾಳುತ್ತದೆ. ಶಿವಮೊಗ್ಗದಿಂದ ಸುಮಾರು 300 ಕಿಲೋಮೀಟರ್ ದೂರದ ಬೆಂಗಳೂರಿಗೆ ರಸ್ತೆಯಲ್ಲೇ ನೆಮ್ಮದಿಯಾಗಿ ಮುಟ್ಟುವ ಅಂಗ ಅದು. "ನಮ್ಮೂರಿಂದ ಕೊಟ್ಟರೆ ದಾರಿಯಲ್ಲೇ ಕೆಡುತ್ತೆ" ಎನ್ನುವುದಕ್ಕೆ ಹುರುಳಿಲ್ಲ. ಆದರೂ ಐಸ್‌ನಲ್ಲಿ ಕಳೆದ ಗಂಟೆಗಳೂ, ರಕ್ತ ಮರಳಿ ಹರಿದ ಕ್ಷಣದ ಆಘಾತವೂ ಸೇರಿ ಇನ್ನಷ್ಟು ಪೆಟ್ಟು ಬೀಳುತ್ತದೆ. ಮೊದಲ ವಾರದಲ್ಲಿ ಡಯಾಲಿಸಿಸ್ ಬೇಕಾದರೆ ವೈದ್ಯರು ಅದನ್ನು ತಡವಾದ ಆರಂಭ ಎಂದು ಕರೆಯುತ್ತಾರೆಯೇ ಹೊರತು ಸೋಲು ಎಂದಲ್ಲ. ಇಂಥ ಹೆಚ್ಚಿನ ಕಿಡ್ನಿಗಳು ದಿನಗಳಲ್ಲೋ ವಾರಗಳಲ್ಲೋ ಕೆಲಸ ಶುರುಮಾಡುತ್ತವೆ. ಖರ್ಚು ಹೆಚ್ಚು, ಆಸ್ಪತ್ರೆವಾಸ ಹೆಚ್ಚು, ದೇಹ ತಿರಸ್ಕರಿಸುವ ಅಪಾಯವೂ ಸ್ವಲ್ಪ ಹೆಚ್ಚು. ಅದನ್ನು ಮುಚ್ಚಿಡದೆ ಮೊದಲೇ ಹೇಳಿದ ವೈದ್ಯರಿಗೆ ಅರ್ಧ ಜಗಳ ತಪ್ಪುತ್ತದೆ.

ಸತ್ತವರ ಕಿಡ್ನಿ ಬೇಡ ಎನ್ನುವವರ ಕಣ್ಣು ಮುಂದೆ ಬೀಳುವುದು ಮನೆಯ ಹೆಂಗಸಿನ ಮೇಲೆ. ನಮ್ಮ ದೇಶದಲ್ಲಿ ಬದುಕಿರುವಾಗಲೇ ಕಿಡ್ನಿ ಕೊಡುವವರಲ್ಲಿ ಹೆಚ್ಚಿನವರು ತಾಯಂದಿರು, ಹೆಂಡತಿಯರು. ಪಡೆಯುವವರಲ್ಲಿ ಹೆಚ್ಚಿನವರು ಗಂಡಸರು. ಕೊಟ್ಟವರ ಇನ್ನೊಂದು ಕಿಡ್ನಿಯೂ ಹೋಗುತ್ತದೆ ಎಂಬ ಭಯ ಉತ್ಪ್ರೇಕ್ಷೆ. 1954ರ ಡಿಸೆಂಬರ್ 23ರಂದು ಬಾಸ್ಟನ್ನಿನಲ್ಲಿ ನಡೆದ ಮೊದಲ ಯಶಸ್ವಿ ಕಸಿಯಲ್ಲಿ ಅವಳಿ ಸಹೋದರನಿಗೆ ಕಿಡ್ನಿ ಕೊಟ್ಟ ರೊನಾಲ್ಡ್ ಹೆರಿಕ್ ತೀರಿಕೊಂಡದ್ದು 2010ರಲ್ಲಿ, ತಮ್ಮ 79ನೇ ವಯಸ್ಸಿನಲ್ಲಿ. ಹಾಗೆಂದು ಅಪಾಯ ಸೊನ್ನೆಯಲ್ಲ. 2014ರ ಅಮೆರಿಕದ ಅಂದಾಜಿನ ಪ್ರಕಾರ ಜೀವಮಾನದಲ್ಲಿ ಕಿಡ್ನಿ ಪೂರ್ತಿ ಸೋಲುವ ಸಂಭವ ದಾನಿಗಳಲ್ಲಿ ಹತ್ತು ಸಾವಿರಕ್ಕೆ 90, ಅಷ್ಟೇ ಆರೋಗ್ಯವಂತರಾದ ದಾನ ಮಾಡದವರಲ್ಲಿ 14, ಪರೀಕ್ಷೆಗೆ ಒಳಪಡದ ಜನಸಾಮಾನ್ಯರಲ್ಲಿ 326. ಸಣ್ಣದು ನಿಜ, ಆದರೆ ಆ ಅಪಾಯ ಹೊರುವವಳು ಬದುಕಿರುವ ಒಬ್ಬ ತಾಯಿ. ಮೆದುಳು ನಿಷ್ಕ್ರಿಯವಾದವರ ಕಿಡ್ನಿಯನ್ನು "ಕೆಟ್ಟದ್ದು" ಎಂದು ಮಣ್ಣಿಗೆ ಹಾಕಿ ಅವಳ ಕಿಡ್ನಿಯನ್ನು ಕೇಳುವುದು ನನ್ನ ಎಣಿಕೆಯಲ್ಲಿ ಬರೀ ಅಜ್ಞಾನವಲ್ಲ, ಅನ್ಯಾಯ.

ಇದೇ ನಂಬಿಕೆ ಕಸಿಯಾದ ಮೇಲೆ ತಲೆಕೆಳಗಾಗಿಯೂ ಕಾಡುತ್ತದೆ. "ಇಷ್ಟು ಮಾತ್ರೆ ತಿಂದರೆ ಹೊಸ ಕಿಡ್ನಿಗೂ ಪೆಟ್ಟು" ಎಂದು, ದೇಹ ಹೊಸ ಕಿಡ್ನಿಯನ್ನು ತಿರಸ್ಕರಿಸದಂತೆ ತಡೆಯುವ ಟ್ಯಾಕ್ರೊಲಿಮಸ್ ಬಿಟ್ಟು ನಾಟಿ ಔಷಧಿಗೆ ಹೋಗುವವರಿದ್ದಾರೆ. ಟ್ಯಾಕ್ರೊಲಿಮಸ್ ಪ್ರಮಾಣ ಮೀರಿದರೆ ಕಿಡ್ನಿಗೆ ಪೆಟ್ಟು ಹೌದು. ಆಗಾಗ ರಕ್ತದಲ್ಲಿ ಅದರ ಮಟ್ಟ ನೋಡುವುದು, ಚಕ್ಕೋತ ತಿನ್ನಬೇಡಿ ಎನ್ನುವುದು ಅದಕ್ಕೇ. ಮಾತ್ರೆ ಬಿಟ್ಟರೆ ಮಾತ್ರ ದೇಹವೇ ಕಿಡ್ನಿಯನ್ನು ಕೊಲ್ಲುತ್ತದೆ.

ಕರ್ನಾಟಕದಲ್ಲಿ 2023ರಲ್ಲಿ ಅಂಗದಾನಕ್ಕೆ ಒಪ್ಪಿದ ಮೃತರ ಕುಟುಂಬಗಳು 178. ಕಿಡ್ನಿಗಾಗಿ ಕಾಯುವವರ ಪಟ್ಟಿ ಸಾವಿರಗಳಲ್ಲಿದೆ. ಕಡೂರು ತಾಲ್ಲೂಕಿನ ಪಂಚನಹಳ್ಳಿಯ ನಟ ಸಂಚಾರಿ ವಿಜಯ್ 2021ರ ಜೂನ್‌ನಲ್ಲಿ ಬೈಕ್ ಅಪಘಾತಕ್ಕೀಡಾಗಿ ಮೆದುಳು ನಿಷ್ಕ್ರಿಯವಾದಾಗ ಅವರ ಮನೆಯವರು ಒಪ್ಪಿದ್ದರು. ವೈದ್ಯರು ಅವಸರಪಡಿಸುತ್ತಾರೆ ಎಂಬ ಅಂಜಿಕೆಗೆ 1994ರ ಅಂಗಾಂಗ ಕಸಿ ಕಾಯ್ದೆಯಲ್ಲಿ ಉತ್ತರವಿದೆ: ನಾಲ್ವರು ವೈದ್ಯರು ಕನಿಷ್ಠ ಆರು ಗಂಟೆ ಅಂತರದಲ್ಲಿ ಎರಡು ಸಲ ಪರೀಕ್ಷಿಸಿ ಸಹಿ ಹಾಕಬೇಕು, ಕಸಿ ತಂಡದವರು ಅದರಲ್ಲಿ ಇರುವಂತಿಲ್ಲ. ನೀವು ರಾಜ್ಯದ ಜೀವಸಾರ್ಥಕತೆ ಸಂಸ್ಥೆಯಲ್ಲಿ ಹೆಸರು ನೋಂದಾಯಿಸಿದ್ದರೂ ಕೊನೆಗೆ ಒಪ್ಪಿಗೆ ಕೇಳುವುದು ಮನೆಯವರನ್ನೇ. ಆದ್ದರಿಂದ ಮನೆಯಲ್ಲಿ ಇಂದೇ ಮಾತಾಡಿ. ಅಂಥ ಗಳಿಗೆ ಬಂದರೆ ಕ್ರಿಯಾಟಿನಿನ್ ಎಷ್ಟೆಂದು ನೀವು ತೀರ್ಮಾನಿಸಲು ಹೋಗಬೇಡಿ. ಒಪ್ಪಿಗೆ ಕೊಡಿ, ಕಿಡ್ನಿ ಆಗುತ್ತದೋ ಇಲ್ಲವೋ ಎಂಬುದನ್ನು ವೈದ್ಯರು ನೋಡಿ ಹೇಳಲಿ.