ಎರಡು ಹೋಳಾದ ಎಡಿಟರ್

1976ರ ಸುಮಾರಿಗೆ, ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ವಿದ್ಯಾರ್ಥಿ ಬಿಲ್ ಜಾಯ್ ಮನೆಯಲ್ಲಿ ಕುಳಿತು ಫೋನ್ ತಂತಿಯ ಮೂಲಕ ಕ್ಯಾಂಪಸ್ಸಿನ ಕಂಪ್ಯೂಟರಿನಲ್ಲಿ ಕೆಲಸ ಮಾಡುತ್ತಿದ್ದರು. ಮೋಡೆಮ್ಮಿನ ವೇಗ 300 ಬಾಡ್, ಅಂದರೆ ಸೆಕೆಂಡಿಗೆ 30 ಅಕ್ಷರ. 80 ಕಾಲಂ, 24 ಸಾಲುಗಳ ಪರದೆ ಪೂರ್ತಿ ತುಂಬಲು ನಿಮಿಷಕ್ಕಿಂತ ಹೆಚ್ಚು ಬೇಕು. ಅವರು ಬರೆದ ‘ವಿಐ’ ಎಡಿಟರ್ ಈ ಬಡತನವನ್ನು ಅರಿತು ಹುಟ್ಟಿದ್ದು. ‘ಡಿ’ ಕೀಲಿಯನ್ನು ಎರಡು ಸಲ ಒತ್ತಿದರೆ ಸಾಲು ಅಳಿಯುತ್ತದೆ. ನಿಧಾನದ ಟರ್ಮಿನಲ್‌ಗಳಲ್ಲಿ ಅಳಿದ ಸಾಲಿನ ಜಾಗಕ್ಕೆ ಒಂದು ಗುರುತನ್ನಷ್ಟೇ ಹಾಕಿ, ಕೆಳಗಿನದನ್ನೆಲ್ಲ ಮತ್ತೆ ಬರೆಯುವ ಹೊರೆ ತಪ್ಪಿಸುತ್ತಿತ್ತು. ತಂತಿಯ ಮೇಲೆ ಏನು ಹೋಗಬೇಕು, ಏನು ಹೋಗಬಾರದು ಎಂಬ ಈ ವಿವೇಕವೇ ದೂರದ ಯಂತ್ರದಲ್ಲಿ ಕೋಡ್ ಬರೆಯುವ ವಿದ್ಯೆಯ ಜೀವಾಳ ಎಂದು ನಾನು ನಂಬಿದ್ದೇನೆ.

ಈ ತಂತಿಯ ದಾರಿಗೆ ಕಾವಲು ಬಂದದ್ದು ತಡವಾಗಿ. ದೂರದ ಯಂತ್ರಕ್ಕೆ ಒಳಹೋಗಲು ಬಳಸುತ್ತಿದ್ದ ಟೆಲ್ನೆಟ್‌ನಲ್ಲಿ ಪಾಸ್‌ವರ್ಡ್ ಬಟಾಬಯಲಲ್ಲೇ ಹೋಗುತ್ತಿತ್ತು. 1995ರಲ್ಲಿ ಹೆಲ್ಸಿಂಕಿ ತಂತ್ರಜ್ಞಾನ ವಿಶ್ವವಿದ್ಯಾಲಯದ ಜಾಲದಲ್ಲಿ ಪಾಸ್‌ವರ್ಡ್ ಕಳವು ನಡೆದ ಮೇಲೆ ಅಲ್ಲಿನ ಸಂಶೋಧಕ ತಾತು ಯುಲೊನೆನ್ ಎಲ್ಲವನ್ನೂ ಗೂಢಲಿಪಿಯಲ್ಲಿ ಕಳಿಸುವ ‘ಎಸ್‌ಎಸ್‌ಎಚ್’ ಬರೆದರು.

ಆಮೇಲೂ ಒಂದು ತೊಡಕು ಉಳಿದಿತ್ತು. ಫೈಲನ್ನು ಇಲ್ಲಿಗೆ ತಂದು ತಿದ್ದಿ ವಾಪಸ್ ಕಳಿಸಬಹುದು, ಆದರೆ ಕಂಪೈಲರ್, ಲೈಬ್ರರಿಗಳೆಲ್ಲ ಇರುವುದು ಅಲ್ಲೇ. ಸಾವಿರಾರು ಫೈಲುಗಳಲ್ಲಿ ಒಂದು ಹೆಸರು ಹುಡುಕಲು ಎಲ್ಲವನ್ನೂ ಇಲ್ಲಿಗೆ ಎಳೆದು ತರುವುದು ಶುದ್ಧ ದಂಡ.

2019ರ ಮೇ ತಿಂಗಳಲ್ಲಿ ಮೈಕ್ರೋಸಾಫ್ಟ್ ‘ವಿಎಸ್ ಕೋಡ್’ಗೆ ತಂದ ರಿಮೋಟ್ ಸೌಲಭ್ಯ ಎಡಿಟರನ್ನೇ ಎರಡು ಹೋಳು ಮಾಡಿತು. ಇದು ಸಾಧ್ಯವಾದದ್ದಕ್ಕೆ ಹಿನ್ನೆಲೆಯಿದೆ. ಮೈಕ್ರೋಸಾಫ್ಟಿನ ಎರಿಕ್ ಗಾಮಾ ಅವರ ತಂಡ ಜೂರಿಕ್‌ನಲ್ಲಿ ಬ್ರೌಸರಿಗೆಂದು ಕಟ್ಟಿದ ಎಡಿಟರ್ ಇದರ ಮೂಲ. ಟೈಪಿಂಗ್ ತಡವರಿಸದಿರಲಿ ಎಂದು ಎಕ್ಸ್‌ಟೆನ್ಶನ್‌ಗಳನ್ನು ಮೊದಲಿನಿಂದಲೂ ಬೇರೆ ಪ್ರೊಸೆಸ್‌ನಲ್ಲಿ ಓಡಿಸುತ್ತಿದ್ದರು. ಆ ಪ್ರೊಸೆಸ್ಸನ್ನು ದೂರದ ಯಂತ್ರದಲ್ಲಿ ಕೂರಿಸುವುದಷ್ಟೇ ಬಾಕಿಯಿತ್ತು. ಮೊದಲ ಸಲ ಸಂಪರ್ಕವಾದಾಗ ಅಲ್ಲಿನ ಹೋಮ್ ಡೈರೆಕ್ಟರಿಯಲ್ಲಿ ಒಂದು ಸರ್ವರ್ ತಾನಾಗಿ ಇನ್‌ಸ್ಟಾಲ್ ಆಗುತ್ತದೆ. ಬಣ್ಣ, ಕೀಲಿಗಳ ಹೊಂದಾಣಿಕೆ ನಮ್ಮ ಲ್ಯಾಪ್‌ಟಾಪಿನಲ್ಲಿ. ಹುಡುಕಾಟ, ಡೀಬಗ್ಗರ್, ಟರ್ಮಿನಲ್ ಎಲ್ಲ ಅಲ್ಲಿ.

ಸಿದ್ಧತೆ ಹೆಚ್ಚೇನಿಲ್ಲ. ‘ಎಸ್‌ಎಸ್‌ಎಚ್-ಕೀಜೆನ್’ನಿಂದ ಕೀಲಿ ಜೋಡಿ ಮಾಡಿಕೊಂಡು ಪಬ್ಲಿಕ್ ಕೀಯನ್ನು ಮಾತ್ರ ಸರ್ವರಿಗೆ ಕಳಿಸಬೇಕು; ಪ್ರೈವೇಟ್ ಕೀ ನಮ್ಮ ಯಂತ್ರ ಬಿಟ್ಟು ಕದಲಕೂಡದು. ಎಸ್‌ಎಸ್‌ಎಚ್‌ನ ಕಾನ್ಫಿಗ್ ಫೈಲಿನಲ್ಲಿ ಸರ್ವರಿಗೊಂದು ಅಡ್ಡಹೆಸರು, ವಿಳಾಸ, ಯೂಸರ್ ಹೆಸರು ಬರೆದಿಟ್ಟರೆ ಎಡಿಟರ್ ಅದನ್ನೇ ಓದಿಕೊಳ್ಳುತ್ತದೆ. ಮೊದಲು ಬರೀ ಟರ್ಮಿನಲ್ಲಿನಿಂದ ಒಳಹೋಗಿ ನೋಡುವುದು ಒಳ್ಳೆಯದು. ಅಲ್ಲಿ ಬಾಗಿಲು ತೆರೆಯದಿದ್ದರೆ ಎಡಿಟರಿಗೂ ತೆರೆಯದು.

ಹಳೆಯ ಸರ್ವರುಗಳ ವಿಷಯ ಬೇರೆ. ‘ವಿಎಸ್ ಕೋಡ್’ನ 2025ರ 1.99ನೇ ಆವೃತ್ತಿಯಿಂದ ದೂರದ ಲಿನಕ್ಸ್ ಯಂತ್ರದಲ್ಲಿ ಸಿ ಲೈಬ್ರರಿಯಾದ ‘ಜಿಲಿಬ್‌ಸಿ’ 2.28 ಅಥವಾ ಅದಕ್ಕಿಂತ ಹೊಸದು ಇರಲೇಬೇಕು. ಸೆಂಟ್‌ಓಎಸ್ 7ರಂಥ ಹಳೆಯ ಲಿನಕ್ಸ್ ಅಲ್ಲಿಗೇ ಹೊರಗುಳಿಯಿತು. ‘ಎಲ್‌ಡಿಡಿ’ ಆಜ್ಞೆಗೆ ವರ್ಷನ್ ಕೇಳಿದರೆ ಅಲ್ಲಿನ ಜಿಲಿಬ್‌ಸಿ ಸಂಖ್ಯೆ ಸಿಗುತ್ತದೆ.