ಮೋಟಾರು ಕಟ್ಟಿದ ಸೈಕಲ್ಲೂ ಕಾಯಿದೆಯೂ

ನಮ್ಮ ಊರಿನಿಂದ ಕಾಲೇಜಿಗೆ ಹದಿನಾಲ್ಕು ಕಿಲೋಮೀಟರು. ಬೆಳಗಿನ ಬಸ್ಸು ತಪ್ಪಿತೆಂದರೆ ಮೊದಲೆರಡು ತರಗತಿಗಳೂ ತಪ್ಪಿದಂತೆಯೇ. ಆದಕಾರಣ ಕಳೆದ ವರ್ಷ ನನ್ನ ಹಳೆಯ ಸೈಕಲ್ಲಿಗೆ ವಿದ್ಯುತ್ ಮೋಟಾರೊಂದನ್ನು ಕಟ್ಟಿಸಿದೆನು. ಕಟ್ಟಿಕೊಟ್ಟ ರಿಪೇರಿಯವನು, "ಪೆಡಲ್ ಇದೆಯಲ್ಲ ತಮ್ಮಾ, ಇದು ಸೈಕಲ್ಲೇ. ಲೈಸೆನ್ಸೂ ಬೇಡ, ನಂಬರೂ ಬೇಡ" ಎಂದನು. ನಾನು ನಂಬಿದೆನು; ನಂಬಲು ಮನಸ್ಸು ಮೊದಲೇ ಸಿದ್ಧವಾಗಿತ್ತೆಂಬುದು ನಿಜ.

ಒಂದು ಭಾನುವಾರ ಹದಿನೈದು ವರ್ಷದ ನನ್ನ ತಮ್ಮ ಅದನ್ನೇರಿ ಸಂತೆಗೆ ಹೋದನು. ಸೊಪ್ಪು ಮಾರುವ ಅಜ್ಜಿಯೊಬ್ಬಳಿಗೆ ಡಿಕ್ಕಿ ಹೊಡೆದನು. ಅಜ್ಜಿಯ ತೊಡೆಯ ಮೂಳೆ ಮುರಿಯಿತು. ವಿಮೆ ಎಂಬುದೇ ಇಲ್ಲ. ಆಸ್ಪತ್ರೆಯ ಖರ್ಚಿಗೆ ನಮ್ಮ ತಂದೆಯವರು ಕರೆಯುವ ಎಮ್ಮೆಯನ್ನು ಮಾರಿದರು. ಆಮೇಲೆ ನಾನು ಕಾಯಿದೆಯ ಪುಸ್ತಕವನ್ನು ಹಿಡಿದು ಕುಳಿತೆನು. ಮೊದಲೇ ಹಿಡಿಯಬೇಕಾಗಿತ್ತು.

ನಮ್ಮ ದೇಶದಲ್ಲಿ ಈ ವಿಷಯಕ್ಕೆ ಆಧಾರವಾದುದು 1988ರ ಮೋಟಾರು ವಾಹನಗಳ ಕಾಯಿದೆ. ಪೆಡಲ್ ಇದೆಯೇ ಇಲ್ಲವೇ ಎಂದಷ್ಟೇ ಅದು ಕೇಳುವುದಿಲ್ಲ. ಯಂತ್ರದ ಅಳತೆಯನ್ನು ನೋಡುತ್ತದೆ. ನಾಲ್ಕಕ್ಕಿಂತ ಕಡಮೆ ಚಕ್ರಗಳುಳ್ಳ, 25 ಸಿ.ಸಿ. ಮೀರದ ಎಂಜಿನ್ನಿನ ಗಾಡಿ 'ಮೋಟಾರು ವಾಹನ'ವೇ ಅಲ್ಲ. ನಮ್ಮ ಹಿರಿಯರು ಓಡಿಸುತ್ತಿದ್ದ ಲೂನಾಕ್ಕೆ ಪೆಡಲ್ ಇದ್ದಿತಾದರೂ ಎಂಜಿನ್ನು ಈ ಮಿತಿಯನ್ನು ಮೀರಿದ್ದರಿಂದ ಅದು ಸೈಕಲ್ಲಿನ ಲೆಕ್ಕಕ್ಕೆ ಸೇರುವಂತಿಲ್ಲ.

ವಿದ್ಯುತ್ ಸೈಕಲ್ಲಿನ ಲೆಕ್ಕವೇ ಬೇರೆ. ಇದನ್ನು ಹೇಳುವುದು 1989ರ ಕೇಂದ್ರ ಮೋಟಾರು ವಾಹನಗಳ ನಿಯಮಗಳ 2ನೆಯ ನಿಯಮ. ಅರ್ಧ ಗಂಟೆಯ ಮಾಪನದಲ್ಲಿ ಮೋಟಾರಿನ ಶಕ್ತಿ 250 ವಾಟಿಗಿಂತ ಕಡಮೆಯಿರಬೇಕು. ಪೆಡಲ್ ತುಳಿಯುವ ಸೈಕಲ್ಲಾದರೆ, ವೇಗ ಗಂಟೆಗೆ 25 ಕಿಲೋಮೀಟರು ಮುಟ್ಟಿದೊಡನೆ, ಅಥವಾ ಸವಾರನು ತುಳಿಯುವುದನ್ನು ನಿಲ್ಲಿಸಿದೊಡನೆ, ಮೋಟಾರು ತಾನಾಗಿ ನಿಲ್ಲಬೇಕು. ಬ್ಯಾಟರಿ ಬಿಟ್ಟು ತೂಕ 60 ಕಿಲೋಗ್ರಾಂ ಮೀರಬಾರದು. ತಕ್ಕ ಬ್ರೇಕುಗಳಿದ್ದು, ಮುಂದೆ ಬಿಳಿಯ, ಹಿಂದೆ ಕೆಂಪು ಪ್ರತಿಫಲಕಗಳಿರತಕ್ಕದ್ದು. ಇಷ್ಟೂ ಇದೆಯೆಂದು ಅಂಗಡಿಯವನು ಬಾಯಲ್ಲಿ ಹೇಳಿದರೆ ಸಾಲದು. ಪುಣೆಯ ಆಟೋಮೋಟಿವ್ ರಿಸರ್ಚ್ ಅಸೋಸಿಯೇಷನ್ನಿನಂಥ ಅಧಿಕೃತ ಪರೀಕ್ಷಾ ಸಂಸ್ಥೆ ಪರೀಕ್ಷಿಸಿರಬೇಕು. ಆಗ ಮಾತ್ರ ಅದು ಮೋಟಾರು ವಾಹನವಲ್ಲ; ಲೈಸೆನ್ಸು, ನೋಂದಣಿ, ಕಡ್ಡಾಯ ವಿಮೆ ಯಾವುದೂ ಅದಕ್ಕೆ ಅನ್ವಯಿಸದು.

ನನ್ನದೋ 500 ವಾಟಿನ ಮೋಟಾರು! ತುಳಿಯದೆಯೇ ಓಡುತ್ತಿತ್ತು. ಅದನ್ನು ಯಾವ ಸಂಸ್ಥೆಯೂ ಪರೀಕ್ಷಿಸಿರಲಿಲ್ಲ. ನನಗರಿವಿಲ್ಲದೆ ನಾನು ನಂಬರಿಲ್ಲದ ಮೋಟಾರು ವಾಹನದ ಒಡೆಯನಾಗಿದ್ದೆನು. ನೋಂದಣಿ ಮಾಡಿಸೋಣವೆಂದರೆ ತಯಾರಕನ ಪ್ರಮಾಣಪತ್ರ ಬೇಕು; ರಿಪೇರಿಯವನು ಅದನ್ನೆಲ್ಲಿಂದ ತಂದಾನು?

ದಂಡನೆಯ ಮಾತಿಗೆ ಬಂದರೆ, 2019ರ ತಿದ್ದುಪಡಿಯ ಬಳಿಕ ಲೈಸೆನ್ಸಿಲ್ಲದೆ ಓಡಿಸಿದವರಿಗೆ 5,000 ರೂಪಾಯಿ ಜುಲ್ಮಾನೆಯುಂಟು. ಆದರೆ ನನ್ನ ಎದೆಯನ್ನು ನಡುಗಿಸಿದುದು 199ಎ ಕಲಮು. ಅಪ್ರಾಪ್ತ ವಯಸ್ಕನು ಮೋಟಾರು ವಾಹನದಿಂದ ಅಪರಾಧವೆಸಗಿದರೆ ಪೋಷಕನನ್ನೋ ಗಾಡಿಯ ಒಡೆಯನನ್ನೋ ಅಪರಾಧಿಯೆಂದು ಎಣಿಸಲಾಗುವುದು. ಮೂರು ವರ್ಷದವರೆಗೆ ಸೆರೆ, 25,000 ರೂಪಾಯಿ ಜುಲ್ಮಾನೆ. ತನಗೆ ತಿಳಿಯದೆ ನಡೆಯಿತು, ತಡೆಯಲು ಎಚ್ಚರ ವಹಿಸಿದ್ದೆನು ಎಂದು ಆತನೇ ರುಜುವಾತುಪಡಿಸಬೇಕು. ಹುಡುಗನಿಗೆ ಇಪ್ಪತ್ತೈದು ತುಂಬುವ ತನಕ ಲೈಸೆನ್ಸು ಸಿಗದು. ನಮ್ಮ ವಿಷಯ ಊರ ಹಿರಿಯರ ಮುಂದೆ ಮುಗಿಯಿತು. ಠಾಣೆಗೆ ಹೋಗಿದ್ದರೆ ತಂದೆಯವರ ಗತಿಯೇನಾಗುತ್ತಿತ್ತು?

ವಿನಾಯಿತಿಯುಳ್ಳ ಸೈಕಲ್ಲಿನವರೂ ಮನಬಂದಂತೆ ಓಡಿಸುವಂತಿಲ್ಲವೆನ್ನಿ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 281ನೆಯ ಕಲಮು ದುಡುಕಿನಿಂದ 'ಯಾವುದೇ ವಾಹನ' ನಡೆಸುವುದನ್ನೂ ಅಪರಾಧವೆನ್ನುತ್ತದೆ. ತುಳಿಯುವ ಸೈಕಲ್ಲೂ ವಾಹನವೇ.

ಮೋಟಾರನ್ನು ಬಿಚ್ಚಿ ಅಟ್ಟಕ್ಕೇರಿಸಿದ್ದೇನೆ. ಅಜ್ಜಿ ಈಗ ಕೋಲೂರಿಕೊಂಡು ಸಂತೆಗೆ ಬರುತ್ತಾಳೆ. ನಮ್ಮ ತರಗತಿಯ ಇಬ್ಬರು ಮಿತ್ರರು ಮಾತ್ರ ಇಂಥದೇ ಸೈಕಲ್ಲಿನ ಬೆಲೆ ವಿಚಾರಿಸುತ್ತಿದ್ದಾರೆ. ಹಣ ಎಣಿಸುವ ಮುನ್ನ ಪರೀಕ್ಷಾ ಸಂಸ್ಥೆಯ ಪ್ರಮಾಣಪತ್ರದ ಪ್ರತಿಯನ್ನು ಕೇಳಿ ಪಡೆಯಿರೆಂದು ಅವರಿಗೆ ಹೇಳಿದ್ದೇನೆ.