ರ‍್ಯಾಂಕ್ ಯಾರ ಪರ ಹೋರಾಡಿತು?

1846ರಲ್ಲಿ ಅಮೆರಿಕದ ವೆಸ್ಟ್ ಪಾಯಿಂಟ್ ಸೇನಾ ಅಕಾಡೆಮಿಯಿಂದ 59 ಮಂದಿ ಪಾಸಾಗಿ ಹೊರಬಂದರು. ಎರಡನೇ ರ‍್ಯಾಂಕ್ ಜಾರ್ಜ್ ಮೆಕ್‌ಲೆಲನ್‌ಗೆ, ಕಟ್ಟಕಡೆಯ ಸ್ಥಾನ ಜಾರ್ಜ್ ಪಿಕೆಟ್‌ಗೆ. ಅದಕ್ಕೂ ಮೂರು ವರ್ಷ ಮೊದಲು ಯುಲಿಸಿಸ್ ಗ್ರಾಂಟ್ ಎಂಬ ಹುಡುಗ 39 ಮಂದಿಯಲ್ಲಿ 21ನೆಯವನಾಗಿದ್ದ. ಆ ಕಾಲಕ್ಕೆ ದೇಶದ ಹೆಸರಾಂತ ಎಂಜಿನಿಯರಿಂಗ್ ಕಾಲೇಜೂ ಅದೇ. ಮುಂದಿನ ಸ್ಥಾನ ಪಡೆದವರಿಗೆ ಎಂಜಿನಿಯರ್ ದಳ, ಗ್ರಾಂಟ್‌ನಂಥವರಿಗೆ ಕಾಲಾಳು ಪಡೆ. ಥೇಟ್ ನಮ್ಮ ಕ್ಯಾಂಪಸ್ ಪ್ಲೇಸ್‌ಮೆಂಟ್!

1861ರಲ್ಲಿ ಆ ದೇಶ ಎರಡು ಹೋಳಾಯಿತು. ಗುಲಾಮಗಿರಿಯನ್ನು ಉಳಿಸಿಕೊಳ್ಳಲು ದಕ್ಷಿಣದ 11 ರಾಜ್ಯಗಳು ಒಕ್ಕೂಟ ಬಿಟ್ಟು ಹೊರನಡೆದವು. ಆಗ ಇಡೀ ದೇಶದಲ್ಲಿದ್ದ ಗುಲಾಮರು ಸುಮಾರು 40 ಲಕ್ಷ. ಒಂದೇ ಬೆಂಚಿನಲ್ಲಿ ಕೂತು ಓದಿದವರು ಎದುರಾಳಿಗಳಾದರು. ನಾಲ್ಕು ವರ್ಷಗಳಲ್ಲಿ ಸತ್ತ ಸೈನಿಕರು ಆರು ಲಕ್ಷಕ್ಕೂ ಹೆಚ್ಚು.

ರ‍್ಯಾಂಕ್ ವಿದ್ಯಾರ್ಥಿ ಮೆಕ್‌ಲೆಲನ್‌ಗೆ ಉತ್ತರದ ದೊಡ್ಡ ಸೈನ್ಯವೇ ಸಿಕ್ಕಿತು. 1862ರ ಸೆಪ್ಟೆಂಬರ್‌ನಲ್ಲಿ ಎದುರಾಳಿ ರಾಬರ್ಟ್ ಲೀಯ ಗುಪ್ತ ಆದೇಶದ ಪ್ರತಿ, ಮೂರು ಸಿಗಾರ್‌ಗಳಿಗೆ ಸುತ್ತಿದ್ದ ಕಾಗದದ ರೂಪದಲ್ಲಿ, ಅವನ ಕೈಗೇ ಬಂತು. ಪ್ರಶ್ನೆಪತ್ರಿಕೆ ಸಿಕ್ಕಂತೆಯೇ ಸರಿ. ಆದರೂ ಅವನು ಹಿಂದೆ ಮುಂದೆ ನೋಡುತ್ತ ಸಾಗಿದ. ಸೆ. 17ರಂದು ಆ್ಯಂಟಿಟಮ್‌ನಲ್ಲಿ ಒಂದೇ ದಿನ 22 ಸಾವಿರಕ್ಕೂ ಹೆಚ್ಚು ಮಂದಿ ಸತ್ತರು, ಗಾಯಗೊಂಡರು, ಕಾಣೆಯಾದರು. ಲೀ ಮಾತ್ರ ನದಿ ದಾಟಿ ಪಾರಾದ. ನವೆಂಬರ್‌ನಲ್ಲಿ ಅಧ್ಯಕ್ಷ ಲಿಂಕನ್ ಅವರು ಮೆಕ್‌ಲೆಲನ್‌ನನ್ನು ಮನೆಗೆ ಕಳಿಸಿದರು.

ಇತ್ತ ಗ್ರಾಂಟ್ ಸೈನ್ಯ ಬಿಟ್ಟು, ಸೇಂಟ್ ಲೂಯಿಯ ಬೀದಿಗಳಲ್ಲಿ ಸೌದೆ ಮಾರಿ, ಅಪ್ಪನ ಚರ್ಮದ ಅಂಗಡಿಯಲ್ಲಿ ಗುಮಾಸ್ತನಾಗಿದ್ದವನು. ಯುದ್ಧ ಅವನನ್ನು ಮತ್ತೆ ಕರೆಯಿತು. ಮಿಸಿಸಿಪ್ಪಿ ನದಿದಂಡೆಯ ವಿಕ್ಸ್‌ಬರ್ಗ್ ಕೋಟೆಯ ಫಿರಂಗಿಗಳ ಕೆಳಗೇ ರಾತ್ರಿ ಹಡಗುಗಳನ್ನು ದಾಟಿಸಿ, ಕೆಳಗಡೆ ಹೊಳೆ ಹಾಯ್ದು, ಹಿಂದಿನಿಂದ ಬಂದು ಮುತ್ತಿದ. 47 ದಿನಗಳ ಮುತ್ತಿಗೆಯ ನಂತರ, 1863ರ ಜುಲೈ 4ರಂದು, ನಗರ ಶರಣಾಯಿತು.

ಅದರ ಹಿಂದಿನ ದಿನವಷ್ಟೇ ಗೆಟಿಸ್‌ಬರ್ಗ್‌ನ ಬಟಾಬಯಲಿನಲ್ಲಿ ಲೀ ಸುಮಾರು 12 ಸಾವಿರ ಸೈನಿಕರನ್ನು ಗುಂಡಿನ ಬಾಯಿಗೆ ನಡೆಸಿದ್ದ. ಅರ್ಧದಷ್ಟು ಮಂದಿ ಸತ್ತು, ಗಾಯಗೊಂಡು, ಸೆರೆಸಿಕ್ಕರು. ಆ ಸೋಲನ್ನು ಚರಿತ್ರೆ ಇಂದಿಗೂ ‘ಪಿಕೆಟ್‌ನ ದಾಳಿ’ ಎನ್ನುತ್ತದೆ. ಆದೇಶ ಕೊಟ್ಟವನು 1829ರ ಎರಡನೇ ರ‍್ಯಾಂಕಿನ ಲೀ. ಹೆಸರು ಮಾತ್ರ ಕೊನೆಯ ಬೆಂಚಿನವನದು!

‘ನೋಡಿದ್ಯಾ, ರ‍್ಯಾಂಕಿಗೆ ಬೆಲೆಯೇ ಇಲ್ಲ’ ಎಂದು ಬ್ಯಾಕ್‌ಲಾಗ್ ಇರುವ ಗೆಳೆಯರು ಕುಣಿಯಬಹುದು. ಅವಸರ ಬೇಡ. ಅದೇ ಲೀ ಎರಡು ತಿಂಗಳ ಹಿಂದೆ ಚಾನ್ಸಲರ್ಸ್‌ವಿಲ್‌ನಲ್ಲಿ ತನಗಿಂತ ಎರಡು ಪಟ್ಟು ದೊಡ್ಡ ಸೈನ್ಯವನ್ನು ಸೋಲಿಸಿದ್ದ. ಅವನ ಪ್ರತಿಭೆ ಸುಳ್ಳಲ್ಲ. ನನ್ನನ್ನು ಕಾಡುವುದು ಬೇರೆಯೇ ಪ್ರಶ್ನೆ: ಆ ಪ್ರತಿಭೆ ದುಡಿದದ್ದು ಯಾವುದಕ್ಕೆ?

ಲೀ ಮತ್ತು ಜಾರ್ಜ್ ಥಾಮಸ್ ಇಬ್ಬರೂ ವರ್ಜೀನಿಯಾದವರು, ಯುದ್ಧಕ್ಕೆ ಮುಂಚೆ ಒಂದೇ ಅಶ್ವದಳದ ಅಧಿಕಾರಿಗಳು. ಉತ್ತರದ ಸೇನಾಪತ್ಯವೇ ಬಾಗಿಲಿಗೆ ಬಂದರೂ ಲೀ ಒಲ್ಲೆನೆಂದು ತನ್ನ ರಾಜ್ಯದ ಪರ ನಿಂತ. ಥಾಮಸ್ ಒಕ್ಕೂಟ ಬಿಡಲಿಲ್ಲ. ಒಡಹುಟ್ಟಿದ ಅಕ್ಕತಂಗಿಯರೇ ಅವನನ್ನು ದೂರ ಮಾಡಿದರು. ಚಿಕಮೌಗಾದಲ್ಲಿ ಉತ್ತರದ ಸೈನ್ಯ ಚೆದುರಿ ಓಡುವಾಗ ಅವನ ಪಡೆ ಕದಲದೆ ನಿಂತಿತು. 1864ರ ಡಿಸೆಂಬರ್‌ನಲ್ಲಿ ನ್ಯಾಶ್‌ವಿಲ್‌ನಲ್ಲಿ ಅವನು ದಕ್ಷಿಣದ ಸೈನ್ಯವೊಂದನ್ನು ನುಚ್ಚುನೂರು ಮಾಡಿದಾಗ, ಜೊತೆಗೆ ಹೋರಾಡಿದವರಲ್ಲಿ ಕಪ್ಪು ಸೈನಿಕರ ರೆಜಿಮೆಂಟ್‌ಗಳೂ ಇದ್ದವು. 1865ರ ಏಪ್ರಿಲ್ 9ರಂದು ಲೀ ಗ್ರಾಂಟ್‌ಗೆ ಶರಣಾದ. ಅದೇ ವರ್ಷ ಸಂವಿಧಾನದ 13ನೇ ತಿದ್ದುಪಡಿ ಗುಲಾಮಗಿರಿಯನ್ನು ರದ್ದುಗೊಳಿಸಿತು.

ನಮ್ಮನ್ನು ಎಲ್ಲರೂ ಕೇಳುವುದು ಸಿಜಿಪಿಎ ಎಷ್ಟು, ಪ್ಯಾಕೇಜ್ ಎಷ್ಟು ಎಂದು. ನಾವು ಬರೆಯುವ ಕೋಡ್, ಕಟ್ಟುವ ಯಂತ್ರ ಯಾರ ಬದುಕಿಗೆ ಏನು ಮಾಡುತ್ತದೆ ಎಂದು ಯಾರೂ ಕೇಳುವುದಿಲ್ಲ. ಇಂಟರ್‌ವ್ಯೂ ಮುಗಿಯುವಾಗ ‘ನಿಮಗೇನಾದರೂ ಕೇಳುವುದಿದೆಯಾ?’ ಎನ್ನುತ್ತಾರಲ್ಲ, ಆಗ ಸಂಬಳದ ಜೊತೆಗೆ ಅದನ್ನೂ ಕೇಳಿಬಿಡೋಣ.